ಪೊಲೀಸ್ ಶ್ವಾನದಳಕ್ಕೆ ಮುಧೋಳ ನಾಯಿ ಬೇಕಾ? ಪರ-ವಿರೋಧ

ಪರ: ನಮ್ಮ ಬಿಸಿಲಿಗೆ ನಮ್ಮದೇ ನಾಯಿ

ಏಪ್ರಿಲ್ ಮಧ್ಯಾಹ್ನ ಬಾಗಲಕೋಟೆ ಕಡೆ ಒಂದು ಲ್ಯಾಬ್ರಡಾರನ್ನು ಡ್ಯೂಟಿಗೆ ಇಳಿಸಿ ನೋಡಿ. ಸ್ವಲ್ಪ ಹೊತ್ತಿಗೇ ನಾಲಿಗೆ ಚಾಚಿ ನೆರಳು ಹುಡುಕುತ್ತದೆ. ಅದರ ತಪ್ಪೇನೂ ಇಲ್ಲ. ತಣ್ಣೀರಿನಲ್ಲಿ ಈಜಲು ಬೆಳೆಸಿದ ತಳಿ, ಮೈಮೇಲೆ ಎರಡು ಪದರ ಕೂದಲು. ಏದುಸಿರು ಬಿಡುವ ನಾಯಿಗೆ ವಾಸನೆ ಸರಿಯಾಗಿ ಸಿಗುವುದಿಲ್ಲ. ಆಮೇಲೆ ಅದಕ್ಕೆ ಕೂಲರ್ ಬೇಕು, ಸೊಂಟದ ಮೂಳೆ ಸವೆದರೆ ಔಷಧಿ ಬೇಕು.

ಮುಧೋಳ ನಾಯಿ ಅದೇ ಬಾಗಲಕೋಟೆ ಜಿಲ್ಲೆಯ ಬೇಟೆನಾಯಿ. ಜೋಳದ ನುಚ್ಚು, ಹಾಲು ತಿಂದು ಇದೇ ಬಿಸಿಲಲ್ಲಿ ಬೆಳೆದದ್ದು. ಗಿಡ್ಡ ಕೂದಲು, ತೆಳ್ಳನೆ ಮೈ. ಮುಧೋಳದ ಘೋರ್ಪಡೆ ಅರಸರು ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಮರಿ ಕೊಟ್ಟ ಕಥೆ ಸಾವಿರ ಸಲ ಕೇಳಿದ್ದೇವೆ, ಅದನ್ನು ಬಿಡಿ. 2016ರಲ್ಲಿ ಮೀರತ್‌ನ ಸೇನಾ ಶ್ವಾನ ತರಬೇತಿ ಕೇಂದ್ರಕ್ಕೆ ಈ ಮರಿಗಳು ಹೋದವು. 2022ರಲ್ಲಿ ಪ್ರಧಾನಿಯ ಭದ್ರತೆ ನೋಡಿಕೊಳ್ಳುವ ಎಸ್‌ಪಿಜಿ ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಎರಡು ಮರಿ ಒಯ್ದಿತು.

ಕಣ್ಣಿನಿಂದ ಬೇಟೆಯಾಡುವ ನಾಯಿ, ಮೂಗು ಸಾಲದು ಅನ್ನುತ್ತಾರೆ. ಮೊಲ ಪೊದೆಯೊಳಗೆ ನುಗ್ಗಿದ ಮೇಲೆ ಅದನ್ನು ಯಾವುದರಿಂದ ಹುಡುಕುತ್ತದಂತೆ? ಜರ್ಮನ್ ಶೆಫರ್ಡ್ ಕೂಡ ಮೊದಲು ಕುರಿ ಕಾಯುತ್ತಿದ್ದ ನಾಯಿಯೇ. 1899ರಿಂದ ಒಳ್ಳೆಯ ಮರಿಗಳನ್ನು ಆರಿಸಿ ಆರಿಸಿ ತಳಿ ಬೆಳೆಸಿದರು, ಪೊಲೀಸ್ ನಾಯಿಯಾಯಿತು. ನಾವು ಹಾಗೆ ಆರಿಸಿ ಬೆಳೆಸಿದ್ದೆಲ್ಲಿ?

ವಿರೋಧ: ಅಭಿಮಾನ ಬೇರೆ, ಡ್ಯೂಟಿ ಬೇರೆ

ಮುಧೋಳ ನಾಯಿ ಚಂದ ಅಲ್ವಾ ಅಂದರೆ ಹೌದು. ಬಾಂಬ್ ಹುಡುಕುತ್ತದಾ ಅನ್ನುವುದು ಬೇರೆ ಪ್ರಶ್ನೆ.

ಸ್ಫೋಟಕದ ವಾಸನೆ ಸಿಕ್ಕರೆ ನಾಯಿ ಬೊಗಳಬಾರದು, ಕೆರೆಯಬಾರದು. ಸುಮ್ನೆ ಪಕ್ಕದಲ್ಲಿ ಕುಳಿತುಬಿಡಬೇಕು. ತೆಳ್ಳಗಿನ ಓಟದ ನಾಯಿಗಳಿಗೆ ಕುಳಿತುಕೊಳ್ಳುವುದೇ ಕಷ್ಟ. ಹಿಂಗಾಲಿನ ಸ್ನಾಯು ಬಿಗಿ, ಪೃಷ್ಠದಲ್ಲಿ ಮಾಂಸ ಕಡಿಮೆ. ಗಟ್ಟಿ ನೆಲದ ಮೇಲೆ ಅರ್ಧ ಕೂರುತ್ತವೆ, ಮತ್ತೆ ಏಳುತ್ತವೆ. ಇನ್ನು ಬಹುಮಾನದ ವಿಷಯ. ಲ್ಯಾಬ್ರಡಾರ್ ಒಂದು ಚೆಂಡಿಗಾಗಿ ಅದೇ ಪೆಟ್ಟಿಗೆಗಳ ಸಾಲನ್ನು ಐವತ್ತು ಸಲ ಮೂಸುತ್ತದೆ. ಬೇಟೆನಾಯಿ ನಾಲ್ಕನೇ ಸಲಕ್ಕೆ ನಿಮ್ಮನ್ನೇ ನೋಡುತ್ತದೆ: ಇಲ್ಲೇನೂ ಇಲ್ಲ, ಗೊತ್ತಲ್ಲ! ದಡ್ಡತನ ಇರಬಹುದು ಅಂದುಕೊಳ್ಳಬೇಡಿ, ಅದು ಜಾಸ್ತಿ ಬುದ್ಧಿಯ ಸಮಸ್ಯೆ.

ಖರ್ಚಿನ ಲೆಕ್ಕವನ್ನೂ ಮುಧೋಳ ನಾಯಿ ಬೇಕು ಅನ್ನುವವರು ತಪ್ಪು ಕಡೆಯಿಂದ ಶುರು ಮಾಡುತ್ತಾರೆ. ಮರಿಯ ಬೆಲೆ, ನುಚ್ಚು, ಹಾಲು ಇವೆಲ್ಲ ಚಿಲ್ಲರೆ. ಒಂದು ನಾಯಿಗೆ ಸಾಮಾನ್ಯವಾಗಿ ಇಬ್ಬರು ಹ್ಯಾಂಡ್ಲರ್. ಅದು ಎಂಟು-ಹತ್ತು ವರ್ಷ ಕೆಲಸ ಮಾಡಿದರೆ ಅಷ್ಟೂ ವರ್ಷ ಇಬ್ಬರ ಸಂಬಳ. ಅದಕ್ಕೂ ಮೊದಲು ಬೆಂಗಳೂರಿನ ಆಡುಗೋಡಿಯ ಪೊಲೀಸ್ ಶ್ವಾನದಳದಲ್ಲಿ ತಿಂಗಳುಗಟ್ಟಲೆ ತರಬೇತಿ. ಕೊನೆಗೆ ನಾಯಿ ಪರೀಕ್ಷೆಯಲ್ಲಿ ಫೇಲಾದರೆ ಅಷ್ಟೂ ನೀರಲ್ಲಿ ಹೋಮ. ಅಗ್ಗದ ಮರಿ ಅಗ್ಗದ ನಾಯಿ ಆಗುವುದಿಲ್ಲ. ಡಾಕ್ಟರ ಖರ್ಚೂ ಇಲ್ಲ ಅನ್ನುವಂತಿಲ್ಲ. ಇಂಥ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಕೆಲವು ಅರಿವಳಿಕೆ ಔಷಧಿಯ ಅಮಲು ಇವುಗಳಿಗೆ ಬೇಗ ಇಳಿಯುವುದಿಲ್ಲ. ಸಣ್ಣ ಆಪರೇಷನ್‌ಗೂ ತಿಳಿದವರೇ ಬೇಕು.

ದಾವಣಗೆರೆಯ ತುಂಗಾ ನೆನಪಿದೆಯಾ? ಕೊಲೆ ಆರೋಪಿಯ ಜಾಡು ಹಿಡಿದು ಸುಮಾರು 12 ಕಿ.ಮೀ. ಓಡಿದ ನಾಯಿ. ಅದು ಡಾಬರ್‌ಮನ್. ಕಣ್ಣಿಗೆ ಕಾಣದವನ ಹಿಂದೆ ಅಷ್ಟು ದೂರ ಹೋಗಲು ಮೂಗಿನ ಹಟ ಬೇಕು. ಇಷ್ಟಾದರೂ ನಾಯಿ ತೋರಿಸಿತು ಅನ್ನುವುದನ್ನು ಕೋರ್ಟು ಗಟ್ಟಿ ಸಾಕ್ಷಿ ಎಂದು ಒಪ್ಪುವುದಿಲ್ಲ. ದಶಕಗಳ ಹಿಂದೆಯೇ ಸುಪ್ರೀಂ ಕೋರ್ಟ್ ಈ ಬಗ್ಗೆ ಎಚ್ಚರಿಸಿದೆ. ಪಳಗಿದ ನಾಯಿಯ ಮಾತೇ ಹೀಗಾದರೆ, ಅರೆಬರೆ ಪಳಗಿದ್ದನ್ನು ಕಟ್ಟಿಕೊಂಡು ತನಿಖೆ ಮಾಡುವುದು ಹೇಗೆ?

2021ರಲ್ಲಿ ವಾಯುಪಡೆ ಮುಧೋಳ ನಾಯಿಗಳನ್ನು ತೆಗೆದುಕೊಂಡಿದ್ದು ರನ್‌ವೇಯಿಂದ ಹಕ್ಕಿ ಓಡಿಸಲು. ಕಣ್ಣು, ಕಾಲು ಎರಡಕ್ಕೂ ತಕ್ಕ ಕೆಲಸ. ಪೊಲೀಸರೂ ಜೈಲಿನ ಕಾಂಪೌಂಡ್ ಕಾಯಲು, ರಾತ್ರಿ ಗಸ್ತಿಗೆ ತೆಗೆದುಕೊಳ್ಳಲಿ, ಬೇಡ ಅನ್ನುವುದಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಬ್ಯಾಗ್ ಮೂಸಲು ಮಾತ್ರ ಲ್ಯಾಬ್ರಡಾರೇ ಇರಲಿ.