ವಸಂತಸೇನೆಯೂ ‘ಮುಂತಾದವರ’ ಸಾಲಿಗೇ?

ನಿನ್ನೆ ಸಂಜೆ ಕನ್ನಡ ಚಿತ್ರರಂಗದ ಆರಂಭಕಾಲದ ಬಗ್ಗೆ ನಡೆದ ಉಪನ್ಯಾಸವೊಂದರಿಂದ ಸಿಟ್ಟಿನಲ್ಲೇ ಎದ್ದು ಬಂದೆ. ಮಾತು ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ಕ್ಕಿಂತ ಹಿಂದೆ ಹೋದದ್ದು ಒಂದೇ ವಾಕ್ಯದಷ್ಟು: ಮೋಹನ್ ಭವನಾನಿಯವರ ಮೂಕಿ ಚಿತ್ರ ‘ವಸಂತಸೇನೆ’ಯಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ, ಕೈಲಾಸಂ ಮುಂತಾದವರು ನಟಿಸಿದ್ದರು, ಚಿತ್ರ ಈಗ ಉಳಿದಿಲ್ಲ. ಅಷ್ಟೇ. ವಸಂತಸೇನೆಯ ಪಾತ್ರ ಮಾಡಿದ ಏಣಾಕ್ಷಿ ರಾಮರಾವ್ ಅವರ ಹೆಸರೇ ಬರಲಿಲ್ಲ. ಕಥಾನಾಯಕಿಯೇ ‘ಮುಂತಾದವರು’!

1930ರ ಆಸುಪಾಸಿನ ಈ ಚಿತ್ರಕ್ಕೆ ಆಧಾರ ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’. ಚಿನ್ನದ ಬಂಡಿ ಬೇಕೆಂದು ಅಳುವ, ತನ್ನ ಪ್ರಿಯಕರ ಚಾರುದತ್ತನ ಮಗನ ಮಣ್ಣಿನ ಬಂಡಿಗೆ ವಸಂತಸೇನೆ ಮೈಮೇಲಿನ ಒಡವೆಗಳನ್ನೆಲ್ಲ ಬಿಚ್ಚಿ ತುಂಬುವ ದೃಶ್ಯ ನಮಗೆಲ್ಲ ಗೊತ್ತು. ಮಾತಿಲ್ಲದ ತೆರೆಯಲ್ಲಿ ಅದನ್ನು ಕೈ, ಕಣ್ಣುಗಳಿಂದಲೇ ಕಟ್ಟಬೇಕು. ಏಣಾಕ್ಷಿ ನೃತ್ಯ ಬಲ್ಲವರು. ‘ಸ’ಕಾರವನ್ನೆಲ್ಲ ‘ಶ’ಕಾರ ಮಾಡುವುದರಿಂದಲೇ ಶಕಾರನೆಂದು ಹೆಸರು ಪಡೆದ ನಾಟಕದ ಖಳನನ್ನು ಮೂಕಿ ಚಿತ್ರದಲ್ಲಿ ಹೇಗೆ ತೋರಿಸಿದರೋ, ಮಾತನ್ನೇ ಉಸಿರಾಗಿಸಿಕೊಂಡಿದ್ದ ಕೈಲಾಸಂ ಮಾತಿಲ್ಲದೆ ಹೇಗೆ ನಟಿಸಿದರೋ ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಸಿನಿಮಾದತ್ತ ಸುಳಿಯಬಾರದೆಂದಿದ್ದ ಕಾಲದಲ್ಲಿ ಮಂಗಳೂರಿನ ಕಮಲಾದೇವಿ ಬಣ್ಣ ಹಚ್ಚಿದ್ದೂ ಸಣ್ಣ ಮಾತಲ್ಲ.

ಚಿತ್ರವೇ ಇಲ್ಲದಿರುವಾಗ ನಟಿಯ ಬಗ್ಗೆ ಹೇಳುವುದೇನಿದೆ ಎಂದು ಪಕ್ಕದಲ್ಲಿದ್ದ ಗೆಳೆಯರು ಕೇಳಿದರು. ಈ ವಾದವನ್ನು ನಾನು ಒಪ್ಪುವುದಿಲ್ಲ. ‘ಸತಿ ಸುಲೋಚನ’ವೂ ಉಳಿದಿಲ್ಲ, ಆದರೂ ಅದರಲ್ಲಿ ನಟಿಸಿದ ಸುಬ್ಬಯ್ಯನಾಯ್ಡು, ತ್ರಿಪುರಾಂಬ ಅವರ ಹೆಸರುಗಳನ್ನು ನಾವು ಗೌರವದಿಂದ ಹೇಳುತ್ತೇವೆ. ಅಲ್ಲದೆ ಏಣಾಕ್ಷಿಯವರ ಮುಖ ಕಳೆದುಹೋಗಿಲ್ಲ. ಅವರು ಮುಮ್ತಾಜ್ ಪಾತ್ರ ಮಾಡಿದ 1928ರ ಮೂಕಿ ಚಿತ್ರ ‘ಶಿರಾಜ್’ ಉಳಿದಿದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅದನ್ನು ಸರಿಪಡಿಸಿ 2017ರಲ್ಲಿ ಅನೂಷ್ಕಾ ಶಂಕರ್ ಅವರ ಸಂಗೀತದೊಂದಿಗೆ ಮತ್ತೆ ತೆರೆಗೆ ತಂದಿತು. ಕುಂಬಾರನ ಮನೆಯಲ್ಲಿ ಬೆಳೆದ ಹುಡುಗಿ ರಾಣಿಯಾಗುವ ಆ ಕಥೆಯನ್ನು ನೋಡುವಾಗಲೆಲ್ಲ ನನಗೆ ಆ ಮಣ್ಣಿನ ಬಂಡಿಯೇ ನೆನಪಾಗುತ್ತದೆ. ಮುಂದೆ ಭವನಾನಿಯವರನ್ನೇ ಮದುವೆಯಾದ ಏಣಾಕ್ಷಿ, 1965ರಲ್ಲಿ ಭಾರತೀಯ ನೃತ್ಯದ ಬಗ್ಗೆ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ಇಷ್ಟೆಲ್ಲ ಇದ್ದೂ ಒಂದು ಹೆಸರು ಹೇಳಲು ನಮಗೇಕೆ ಬಾಯಿ ಬರುವುದಿಲ್ಲ?

ಈ ಸಿಟ್ಟಿನಲ್ಲಿ ನನ್ನ ಮೇಲಿನ ಸಿಟ್ಟೂ ಇದೆ. ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ನಾನೂ ಕಪ್ಪುಹಲಗೆಯ ಮೇಲೆ ‘ಕಮಲಾದೇವಿ, ಕೈಲಾಸಂ ಮುಂತಾದವರು’ ಎಂದೇ ಬರೆದಿದ್ದೇನೆ, ಮಕ್ಕಳು ಹಾಗೆಯೇ ಬರೆದುಕೊಂಡಿದ್ದಾರೆ. ಅವರಲ್ಲಿ ಕೆಲವರು ಇಲ್ಲಿ ನನ್ನ ಸ್ನೇಹಿತರ ಪಟ್ಟಿಯಲ್ಲಿದ್ದೀರಿ. ಆ ಸಾಲನ್ನು ದಯವಿಟ್ಟು ತಿದ್ದಿಕೊಳ್ಳಿ: ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಟಿ.ಪಿ. ಕೈಲಾಸಂ.