ಮಗುವಿನ ಕೈಯಿಂದ ಕತ್ತರಿ ಕಿತ್ಕೊಳ್ಳಬೇಡಿ

ಮಗಳಿಗೆ ಆಗ ಐದೂವರೆ ವರ್ಷ. ಒಂದು ಭಾನುವಾರ ಇಬ್ಬರೂ ನೆಲದ ಮೇಲೆ ಕೂತು ಗೂಬೆ ಮಾಡುತ್ತಿದ್ದೆವು. ರಟ್ಟಿನ ಮೈ, ಎರಡು ದೊಡ್ಡ ಬಿಳಿ ಕಣ್ಣು, ಒಂದು ಕೊಕ್ಕು. ಇಷ್ಟೇ ಕೆಲಸ. ಕಣ್ಣಿಗೆ ಅಂತ ಬಿಳಿ ಕಾಗದದ ಮೇಲೆ ಗುಂಡಗೆ ಗೆರೆ ಎಳೆದುಕೊಟ್ಟು, ಕತ್ತರಿಸು ಅಂದೆ. ಅವಳು ಕತ್ತರಿ ಹಿಡಿದು ಒತ್ತಿದಳು. ಕಾಗದ ತುಂಡಾಗಲಿಲ್ಲ, ಎರಡು ಅಲಗಿನ ನಡುವೆ ಮಡಚಿಕೊಂಡು ಕೂತಿತು. ಬಿಡಿಸಿಕೊಂಡು ಇನ್ನೊಮ್ಮೆ ಒತ್ತಿದಳು. ಮತ್ತೆ ಮಡಚಿತು. ತುಟಿ ಕಚ್ಚಿಕೊಂಡು, ಮೊಣಕೈ ಮೇಲೆತ್ತಿ ಏನೇನೋ ಮಾಡಿ ನೋಡಿದಳು. ಕೊನೆಗೆ ಗುಂಡಗಿನ ಕಣ್ಣು ಹುಳ ತಿಂದ ಎಲೆಯ ಹಾಗಾಯಿತು.

ನನಗೆ ನೋಡುತ್ತಾ ಕೂರಲು ಆಗಲಿಲ್ಲ. "ಕೊಡಿಲ್ಲಿ ಪುಟ್ಟಿ, ನಾನು ಮಾಡಿಕೊಡ್ತೀನಿ" ಅಂತ ಕತ್ತರಿ ತಗೊಂಡೆ. ಎರಡು ನಿಮಿಷದಲ್ಲಿ ಎರಡೂ ಕಣ್ಣು ರೆಡಿ. ಕೊಕ್ಕನ್ನೂ ನಾನೇ ಕತ್ತರಿಸಿದೆ. ಅಂಟಿಸುವಾಗ ಸೊಟ್ಟ ಆಗಬಾರದು ಅಂತ ಅದನ್ನೂ ನಾನೇ ಅಂಟಿಸಿದೆ. ಗೂಬೆ ಚೆನ್ನಾಗೇ ಬಂತು. ಸಂಜೆ ಅಜ್ಜಿ ನೋಡಿ, "ಎಷ್ಟು ಮುದ್ದಾಗಿದೆ, ನೀನು ಮಾಡಿದ್ದಾ?" ಅಂದರು. "ಇಲ್ಲ ಅಜ್ಜಿ, ಅಪ್ಪ ಮಾಡಿದ್ದು" ಅಂದು ಅವಳು ಬೊಂಬೆ ಎತ್ತಿಕೊಂಡು ಒಳಗೆ ಹೋದಳು. ಬೇಜಾರಿನ ಮಾತೇನೂ ಅಲ್ಲ ಅದು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನಗೆ ಮಾತ್ರ ಆ ಮಾತು ಚುಚ್ಚಿತು. ಅರ್ಧ ದಿನ ಜೊತೆಗೆ ಕೂತಿದ್ದೆವು, ಅವಳ ಪಾಲಿಗೆ ಅದರಲ್ಲಿ ಏನೂ ಉಳಿದಿರಲಿಲ್ಲ.

ಕಾರಣ ಗೊತ್ತಾಗಿದ್ದು ಕೆಲವು ವಾರ ಬಿಟ್ಟು. ನನ್ನ ಮಗಳು ಎಡಗೈಯವಳು. ಬರೆಯೋದು, ಚಮಚ ಹಿಡಿಯೋದು ಎಲ್ಲ ಎಡಗೈಯಲ್ಲೇ. ನಾನು ಅವಳ ಕೈಗೆ ಕೊಟ್ಟಿದ್ದು ಬಲಗೈ ಕತ್ತರಿ. ಕತ್ತರಿಯಲ್ಲಿ ಎಡ, ಬಲ ಅಂತ ಇದೆ ಅನ್ನೋದೇ ನನ್ನ ತಲೆಗೆ ಹೊಳೆದಿರಲಿಲ್ಲ. ನಿಮ್ಮ ಮನೆಯ ಕತ್ತರಿ ಒಮ್ಮೆ ಕೈಗೆ ತಗೊಂಡು ನೋಡಿ. ನಾವು ಮುಷ್ಟಿ ಬಿಗಿಯುವಾಗ ಹೆಬ್ಬೆರಳು ಸ್ವಲ್ಪ ಹೊರಕ್ಕೆ ತಳ್ಳುತ್ತೆ, ಉಳಿದ ಬೆರಳು ಸ್ವಲ್ಪ ಒಳಕ್ಕೆ ಎಳೆಯುತ್ತೆ. ಬಲಗೈಯಲ್ಲಿ ಹಿಡಿದರೆ ಈ ತಳ್ಳಾಟದಿಂದ ಎರಡು ಅಲಗು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಕಾಗದ ತುಂಡಾಗುತ್ತೆ. ಅದೇ ಕತ್ತರಿ ಎಡಗೈಗೆ ಹೋದರೆ ಅದೇ ಬಲ ಅಲಗುಗಳನ್ನು ದೂರ ಮಾಡುತ್ತೆ. ಕಾಗದ ಆ ಸಂದಿಗೆ ಜಾರಿ ಮಡಚಿಕೊಳ್ಳುತ್ತೆ. ಅದರ ಮೇಲೆ, ಮೇಲಿನ ಅಲಗು ಗೆರೆಗೆ ಅಡ್ಡ ಬರೋದರಿಂದ ಎಲ್ಲಿ ಕತ್ತರಿಸಬೇಕು ಅನ್ನೋದೇ ಮಗುವಿಗೆ ಕಾಣಲ್ಲ.

ಎಡಗೈಯವರಿಗೆ ಅಂತಲೇ ಅಲಗು ಅದಲುಬದಲಾಗಿರುವ ಕತ್ತರಿ ಬರುತ್ತೆ. ಹಿಡಿ ಮಾತ್ರ ಎರಡೂ ಕೈಗೆ ಹೊಂದುವ ಹಾಗೆ ಮಾಡಿ, ಅಲಗು ಬಲಗೈಯದ್ದೇ ಇಟ್ಟಿರುವ ಕತ್ತರಿಯೂ ಇದೆ. ಅದರಿಂದ ಪ್ರಯೋಜನ ಇಲ್ಲ, ಕೊಳ್ಳುವಾಗ ಮೇಲಿನ ಅಲಗು ಎಡಗಡೆ ಇದೆಯಾ ಅಂತ ನೋಡಿಕೊಳ್ಳಿ. ಸರಿಯಾದ ಕತ್ತರಿ ಕೈಗೆ ಬಂದ ದಿನವೇ ಮಗಳು ಗೆರೆಯ ಮೇಲೆ ಕತ್ತರಿಸಿದಳು. ಸ್ವಲ್ಪ ಆ ಕಡೆ ಈ ಕಡೆ ಹೋಯಿತು, ಆದರೂ ಗುಂಡಗೇ ಬಂತು. "ಇವಳಿಗೆ ಕೈ ಕೂರಲ್ಲ" ಅಂತ ನಾನು ಅಂದುಕೊಂಡಿದ್ದೆನಲ್ಲ, ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತೆ. ಎಷ್ಟು ಮಕ್ಕಳು ಹೀಗೆ ಸುಮ್ನೆ ಕೈಲಾಗದವರು ಅನ್ನಿಸಿಕೊಂಡಿದ್ದಾರೋ.

ಆ ಗೂಬೆ ಆದಮೇಲೆ ನಮ್ಮ ಮನೆಯಲ್ಲಿ ಒಂದು ನಿಯಮ ಬಂತು. ಮಾಡಿದ್ದು ನಾನಲ್ಲ, ಅವಳೇ. ಒಂದು ದಿನ ಮತ್ತೆ ನನ್ನ ಕೈ ಅವಳ ಕಾಗದದ ಕಡೆ ಹೋಗಿತ್ತು. "ಅಪ್ಪಾ, ನೀನು ನಿಂದು ಮಾಡು. ನಾನು ನಂದು ಮಾಡ್ತೀನಿ" ಅಂದಳು. ಅವತ್ತಿನಿಂದ ಎಲ್ಲದಕ್ಕೂ ಎರಡು ಕಾಗದ, ಎರಡು ಕತ್ತರಿ. ಅವಳದ್ದನ್ನು ನಾನು ಮುಟ್ಟಲ್ಲ. ನಾನು ನನ್ನದನ್ನು ನಿಧಾನವಾಗಿ, ಅವಳಿಗೆ ಕಾಣುವ ಹಾಗೆ ಮಾಡುತ್ತೇನೆ. ಅವಳಿಗೆ ಬೇಕೆನ್ನಿಸಿದರೆ ಕದ್ದು ನೋಡುತ್ತಾಳೆ. ಕೇಳಿದರೆ ಹೇಳುತ್ತೇನೆ. ಕೇಳದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತೇನೆ. ಇದು ಹೇಳಿದಷ್ಟು ಸುಲಭ ಅಲ್ಲ. ಮಗು ಗಮ್ ಸುರಿಯುತ್ತಿರುವಾಗ, ಬೆಕ್ಕಿನ ಬಾಲವನ್ನು ತಲೆಗೆ ಅಂಟಿಸುತ್ತಿರುವಾಗ ಸುಮ್ಮನಿರಲು ನಿಜವಾಗಿಯೂ ಕಷ್ಟ. ಆದರೆ ಬೆಕ್ಕು ಅವಳದ್ದು, ಅಲ್ವಾ?

ಈ ಮೂರು ವರ್ಷದಲ್ಲಿ ನಾವು ಮಾಡಿದ್ದೆಲ್ಲ ತುಂಬಾ ಸಾಮಾನ್ಯ ವಸ್ತುಗಳಿಂದ. ಬಹಳ ಜನ ದೊಡ್ಡ ಡಬ್ಬಿಯಲ್ಲಿ ಬರುವ ಕ್ರಾಫ್ಟ್ ಕಿಟ್ ತಂದುಕೊಡುತ್ತಾರೆ. ನನಗೆ ಅವು ಅಷ್ಟು ಇಷ್ಟ ಇಲ್ಲ. ಎಲ್ಲ ತುಂಡನ್ನೂ ಮೊದಲೇ ಕತ್ತರಿಸಿಟ್ಟಿರುತ್ತಾರೆ. ಹಿಂದಿನ ಸ್ಟಿಕರ್ ಬಿಡಿಸಿ, ಚಿತ್ರದಲ್ಲಿ ತೋರಿಸಿದ ಜಾಗಕ್ಕೆ ಅಂಟಿಸಿದರೆ ಮುಗೀತು. ಮಗು ಯೋಚನೆ ಮಾಡೋಕೆ ಅದರಲ್ಲಿ ಜಾಗವೇ ಇರಲ್ಲ. ಒಂದು ಹಳೇ ನ್ಯೂಸ್‌ಪೇಪರ್ ಅದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತೆ.

ನ್ಯೂಸ್‌ಪೇಪರಿನಿಂದಲೇ ಶುರು ಮಾಡಿ ನೋಡಿ. ಕತ್ತರಿ ಬೇಡ, ಬರೀ ಕೈಯಲ್ಲಿ ಹರಿಯಲು ಹೇಳಿ. ಒಂದು ದಿಕ್ಕಿನಲ್ಲಿ ಹರಿದರೆ ಸರ್ರನೆ ನೇರ ಪಟ್ಟಿ ಬರುತ್ತೆ. ಹಾಳೆ ತಿರುಗಿಸಿ ಇನ್ನೊಂದು ದಿಕ್ಕಿನಲ್ಲಿ ಹರಿದರೆ ಅಡ್ಡಾದಿಡ್ಡಿ ಹೋಗುತ್ತೆ, ಎಷ್ಟೇ ಜೋಪಾನ ಮಾಡಿದರೂ ಅಷ್ಟೇ. ಕಾಗದ ಮಾಡುವಾಗ ಒದ್ದೆ ನಾರಿನ ತಿಳಿ ಓಡುತ್ತಿರುವ ಜಾಲರಿಯ ಮೇಲೆ ಹರಿಯುತ್ತೆ. ನಾರುಗಳು ಬಹುಪಾಲು ಜಾಲರಿ ಓಡುವ ದಿಕ್ಕಿಗೇ ಮಲಗುತ್ತವೆ. ನಾರು ಮಲಗಿದ ಕಡೆ ಹರಿಯೋದು ಸುಲಭ, ನಾರಿಗೆ ಅಡ್ಡ ಹರಿಯೋದು ಕಷ್ಟ. ನಾನು ಇದನ್ನು ಮಗಳಿಗೆ ಮೊದಲೇ ಹೇಳಲಿಲ್ಲ. ಅವಳೇ ಹತ್ತು ಪಟ್ಟಿ ಹರಿದಮೇಲೆ "ಅಪ್ಪಾ, ಈ ಪೇಪರಿಗೆ ಒಂದು ಕಡೆ ಇಷ್ಟ, ಒಂದು ಕಡೆ ಇಷ್ಟ ಇಲ್ಲ" ಅಂದಳು.

ಆ ಪಟ್ಟಿಗಳಿಂದ ಬಟ್ಟಲು ಮಾಡಬಹುದು. ನಮ್ಮಿಬ್ಬರಿಗೂ ತುಂಬಾ ಇಷ್ಟವಾದ ಕೆಲಸ ಇದು. ಅಂಟು ಮನೆಯಲ್ಲೇ ಆಗುತ್ತೆ. ಒಂದು ಲೋಟ ಮೈದಾಹಿಟ್ಟನ್ನು ಮೊದಲು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ. ಆಮೇಲೆ ಮೂರು ನಾಲ್ಕು ಲೋಟ ಕುದಿಯುವ ನೀರಿಗೆ ಹಾಕಿ, ಗಟ್ಟಿಯಾಗುವ ತನಕ ಕೈಯಾಡಿಸಿ. ಒಲೆಯ ಕೆಲಸ ದೊಡ್ಡವರದ್ದು, ಕಲಸುವ ಕೆಲಸ ಮಗುವಿನದ್ದು. ಒಣ ಹಿಟ್ಟನ್ನು ನೇರ ಬಿಸಿನೀರಿಗೆ ಹಾಕಬೇಡಿ. ಹೊರಗಿನ ಹಿಟ್ಟು ತಕ್ಷಣ ಬೆಂದು ಅಂಟಾಗಿ ಒಳಗಿನದ್ದು ಒಣಗಿದ ಹಾಗೇ ಉಳಿಯುತ್ತೆ, ಗಂಟು ಕಟ್ಟೋದು ಹೀಗೆ. ಪೂರ್ತಿ ಆರಿದ ಮೇಲೆ ಮಗುವಿನ ಕೈಗೆ ಕೊಡಿ.

ಮನೆಯ ಒಂದು ಬಟ್ಟಲು ಬೋರಲು ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿ. ಎರಡು ಬೆರಳಗಲದ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ, ಜಾಸ್ತಿಯಾದ ಅಂಟನ್ನು ಬೆರಳ ಸಂದಿಯಲ್ಲಿ ಜಾರಿಸಿ ಬಟ್ಟಲಿನ ಮೇಲೆ ಹಚ್ಚುತ್ತಾ ಹೋಗಬೇಕು. ಕತ್ತರಿಸಿದ ಪಟ್ಟಿಗಿಂತ ಹರಿದ ಪಟ್ಟಿಯೇ ಒಳ್ಳೆಯದು. ಹರಿದ ಅಂಚಿನಲ್ಲಿ ನಾರು ತೆಳ್ಳಗೆ ಬಿಚ್ಚಿಕೊಂಡಿರುತ್ತೆ, ಪಕ್ಕದ ಪಟ್ಟಿಯ ಜೊತೆ ಬೆರೆತು ಏಣೇ ಕಾಣಲ್ಲ. ಒಂದು ಸುತ್ತು ಉದ್ದಕ್ಕೆ ಹಚ್ಚಿದರೆ ಮುಂದಿನ ಸುತ್ತು ಅಡ್ಡಕ್ಕೆ. ಕತ್ತರಿ ಹಿಡಿಯಲು ಬಾರದ ಮಗುವಿಗೂ ಇದು ಬರುತ್ತೆ. ಮೂರು ವರ್ಷದವರೂ ಹರಿಯುತ್ತಾರೆ, ಅದ್ದುತ್ತಾರೆ, ಹಚ್ಚುತ್ತಾರೆ. ಮೈಕೈ ಎಲ್ಲ ಅಂಟಾಗುತ್ತೆ. ಆಗಲಿ, ನೀರಿನಲ್ಲಿ ತೊಳೆದರೆ ಹೋಗುತ್ತೆ.

ಇದರಲ್ಲಿ ಕಷ್ಟ ಅಂದರೆ ಕಾಯೋದು. ಒಂದೆರಡು ಪದರ ಹಾಕಿದ ಮೇಲೆ ಒಂದು ದಿನ ಒಣಗಲು ಬಿಡಬೇಕು. ಅವಸರ ಮಾಡಿ ಒದ್ದೆ ಮೇಲೆ ಒದ್ದೆ ಹಾಕಿದರೆ ಒಳಗೆ ಬೂಷ್ಟು ಹಿಡಿಯುತ್ತೆ. ನಾಲ್ಕೈದು ಪದರ ಅಂದರೆ ಮೂರು ದಿನ ಬೇಕೇ ಬೇಕು. ನನ್ನ ಮಗಳು ಮೊದಲ ದಿನ ಹತ್ತು ಸಲ ಮುಟ್ಟಿ ನೋಡಿದಳು. ಎರಡನೇ ದಿನ ಬೆರಳ ಗೆಣ್ಣಿನಿಂದ ತಟ್ಟಿದಳು, ಟಕ್ ಟಕ್ ಅಂತು. "ಪೇಪರ್ ಮರ ಆಗೋಯ್ತು!" ಅಂತ ಮನೆಯೆಲ್ಲ ಓಡಾಡಿದಳು. ಆ ಮಾತಿಗಾಗಿ ಮೂರು ದಿನ ಕಾದರೂ ನಷ್ಟ ಇಲ್ಲ ಅನ್ನಿಸಿತು ನನಗೆ. ಮೂವತ್ತು ಸೆಕೆಂಡಿನ ಕ್ರಾಫ್ಟ್ ವಿಡಿಯೋ ತೋರಿಸಿ ಮಗುವನ್ನು ಕೂರಿಸಿದರೆ, ಒಣಗಲು ಹಿಡಿಯುವ ಸಮಯ ಅದರಲ್ಲಿ ಇರೋದೇ ಇಲ್ಲ. ಆಮೇಲೆ ಮಗುವಿಗೆ ತಾಳ್ಮೆ ಇಲ್ಲ ಅಂತ ನಾವು ದೂರುತ್ತೇವೆ.

ಇನ್ನು ಒಂದೇ ಒಂದು ಎ4 ಹಾಳೆ ಇದ್ದರೂ ಒಂದು ಮಧ್ಯಾಹ್ನ ಕಳೆಯಬಹುದು. ಹಾಳೆಯ ಅಳತೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಒಂದು ಮೂಲೆಯನ್ನು ಎದುರಿನ ಅಂಚಿಗೆ ತಂದು ಮಡಚಿ, ಮಿಕ್ಕ ಪಟ್ಟಿ ಕತ್ತರಿಸಿದರೆ ಚೌಕ ಸಿಗುತ್ತೆ. ಚೌಕದಲ್ಲಿ ಗಿರಗಿಟ್ಲೆ ಮಾಡಿ. ನಾಲ್ಕು ಮೂಲೆಯಿಂದ ನಡುವಿನ ಕಡೆಗೆ ಕತ್ತರಿಸುತ್ತಾ ಬಂದು, ನಡು ಎರಡು ಮೂರು ಸೆಂಟಿಮೀಟರ್ ದೂರ ಇರುವಾಗಲೇ ನಿಲ್ಲಿಸಬೇಕು. ಒಂದು ಬಿಟ್ಟು ಒಂದು ತುದಿಯನ್ನು ನಡುವಿಗೆ ಬಾಗಿಸಿ, ಗುಂಡುಸೂಜಿ ಚುಚ್ಚಿ, ಪೆನ್ಸಿಲ್ಲಿನ ಹಿಂದಿನ ರಬ್ಬರಿಗೆ ಸಿಕ್ಕಿಸಿ. ಸೂಜಿ ನೀವು ಚುಚ್ಚಿ.

ನಮ್ಮದು ಮೊದಲ ಸಲ ತಿರುಗಲೇ ಇಲ್ಲ. ಮಗಳು ಊದಿದಳು, ಓಡಿದಳು, ಫ್ಯಾನಿನ ಮುಂದೆ ಹಿಡಿದಳು. ಊಹೂಂ. ನನಗೆ ಕಾರಣ ಗೊತ್ತಿತ್ತು, ಹೇಳಲಿಲ್ಲ. ಅವಳು ತಿರುಗಿಸಿ ತಿರುಗಿಸಿ ನೋಡಿ, ಕಾಗದದ ಬೆನ್ನು ಪೆನ್ಸಿಲ್ಲಿಗೆ ಉಜ್ಜುತ್ತಿರೋದನ್ನು ಕಂಡುಹಿಡಿದಳು. ಸೂಜಿ ಸ್ವಲ್ಪ ಹೊರಗೆಳೆ ಅಂದಳು. ಎಳೆದೆ, ಒಂಚೂರು ತಿರುಗಿ ಮತ್ತೆ ಹಿಂದಕ್ಕೆ ಜಾರಿ ನಿಂತಿತು. ಕೊನೆಗೆ ಹರಿದುಹೋಗಿದ್ದ ಸರದಿಂದ ಒಂದು ಮಣಿ ತಂದು, ಕಾಗದಕ್ಕೂ ಪೆನ್ಸಿಲ್ಲಿಗೂ ನಡುವೆ ಹಾಕು ಅಂದಳು. ತಿರುಗಿತು! ಆ ಮಣಿಯನ್ನು ನಾನೇ ಮೊದಲೇ ಹಾಕಿಕೊಟ್ಟಿದ್ದರೆ ಗಿರಗಿಟ್ಲೆ ಅರ್ಧ ಗಂಟೆ ಮೊದಲೇ ತಿರುಗುತ್ತಿತ್ತು. ಅವಳ ಮುಖ ಹಾಗೆ ಅರಳುತ್ತಿರಲಿಲ್ಲ. (ಮನೆಯಲ್ಲಿ ಮೂರು ವರ್ಷದ ಒಳಗಿನ ಮಗು ಇದ್ದರೆ ಮಣಿ, ಒಡೆದ ಬಲೂನಿನ ತುಂಡು, ಸಣ್ಣ ಗುಂಡನೆಯ ಬ್ಯಾಟರಿ ಯಾವುದೂ ನೆಲದ ಮೇಲೆ ಉಳಿಯದ ಹಾಗೆ ನೋಡಿಕೊಳ್ಳಿ. ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಅಪಾಯ.)

ಚೌಕ ಮಾಡಿದಾಗ ಮಿಕ್ಕಿದ 87 ಮಿಲಿಮೀಟರ್ ಅಗಲದ ಪಟ್ಟಿಯನ್ನು ಎಸೆಯಬೇಡಿ. ಉದ್ದಕ್ಕೆ ಎರಡು ಸೀಳು ಮಾಡಿ. ಒಂದು ಸೀಳನ್ನು ಬಳೆಯ ಹಾಗೆ ಬಾಗಿಸಿ, ಒಂದು ತುದಿಯನ್ನು ಮಾತ್ರ ಅರ್ಧ ಸುತ್ತು ತಿರುಚಿ ಅಂಟಿಸಿ. ಈಗ ಅದರ ನಡುವೆ ಪೆನ್ಸಿಲ್ ಎತ್ತದೆ ಗೆರೆ ಎಳೆಯಲು ಮಗುವಿಗೆ ಹೇಳಿ. ಗೆರೆ ಎರಡೂ ಬದಿ ಸುತ್ತಿ ಶುರುವಾದ ಜಾಗಕ್ಕೇ ಬಂದು ನಿಲ್ಲುತ್ತೆ! ಆ ಬಳೆಗೆ ಇರೋದು ಒಂದೇ ಬದಿ. ಗೆರೆಯ ಮೇಲೇ ಕತ್ತರಿಸಿದರೆ ಏನಾಗುತ್ತೆ ಅಂತ ಮೊದಲು ಕೇಳಿ. ಎರಡು ಬಳೆ ಆಗುತ್ತೆ ಅನ್ನುತ್ತಾರೆ. ಕತ್ತರಿಸಿ ನೋಡಲಿ, ಒಂದೇ ದೊಡ್ಡ ಬಳೆ ಆಗುತ್ತೆ. ಇನ್ನೊಂದು ಸೀಳಿನಲ್ಲೂ ಹಾಗೇ ಬಳೆ ಮಾಡಿ, ಅಂಚಿನಿಂದ ಮೂರನೇ ಒಂದು ಭಾಗ ಒಳಗೆ ಕತ್ತರಿಸುತ್ತಾ ಹೋದರೆ ಒಂದು ದೊಡ್ಡದು, ಒಂದು ಚಿಕ್ಕದು, ಎರಡು ಬಳೆ ಕೊಂಡಿ ಹಾಕಿಕೊಂಡು ಬರುತ್ತವೆ. 1858ರಲ್ಲಿ ಜರ್ಮನಿಯ ಇಬ್ಬರು ಗಣಿತಜ್ಞರು, ಮೋಬಿಯಸ್ ಮತ್ತು ಲಿಸ್ಟಿಂಗ್, ಬೇರೆ ಬೇರೆಯಾಗಿಯೇ ಇದರ ಗುಣವನ್ನು ಕಂಡುಕೊಂಡರು. ಮೋಬಿಯಸ್ ಹೆಸರು ಉಳಿಯಿತು. ಇದನ್ನು ಮೊದಲ ಸಲ ಮಾಡಿದಾಗ ಮಗಳಿಗಿಂತ ನನಗೇ ಜಾಸ್ತಿ ಆಶ್ಚರ್ಯ ಆಗಿತ್ತು. ಮಗುವಿನ ಎದುರು ದೊಡ್ಡವರೂ ಆಶ್ಚರ್ಯಪಡೋದು ಒಳ್ಳೆಯದು ಅಂತ ನನಗನ್ನಿಸುತ್ತೆ.

ಇದೆಲ್ಲ ಟೈಂಪಾಸ್, ಓದು ಮುಗಿದಮೇಲೆ ಸಮಯ ಉಳಿದರೆ ನೋಡೋಣ ಅನ್ನುವವರಿದ್ದಾರೆ. 1837ರಲ್ಲಿ ಜರ್ಮನಿಯ ಶಿಕ್ಷಣತಜ್ಞ ಫ್ರೀಡ್ರಿಕ್ ಫ್ರೋಬೆಲ್ ಚಿಕ್ಕ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಮೂರು ವರ್ಷದ ನಂತರ ಅದಕ್ಕೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟರು, ಮಕ್ಕಳ ತೋಟ ಅಂತ ಅರ್ಥ. ಕಾಗದ ಮಡಚೋದು, ಕತ್ತರಿಸೋದು, ಪಟ್ಟಿ ಹೆಣೆಯೋದು ಅವರ ಪಾಠದಲ್ಲೇ ಇತ್ತು. ಇವತ್ತು ಅದೇ ಹೆಸರಿನ ತರಗತಿಯಿಂದ ಮಗು ಮನೆಗೆ ಪ್ರಾಜೆಕ್ಟ್ ತರುತ್ತೆ, ರಾತ್ರಿ ಹನ್ನೊಂದರ ತನಕ ಅಪ್ಪ ಅಮ್ಮ ಕೂತು ಮಾಡುತ್ತಾರೆ, ಮಗು ಮಲಗಿರುತ್ತೆ. ಬೆಳಗ್ಗೆ ಅದಕ್ಕೆ ನಕ್ಷತ್ರ ಸಿಗುತ್ತೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ.

ನಕ್ಷತ್ರದ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು 1973ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರ ಬರೆಯಲು ಇಷ್ಟಪಡುವ ನರ್ಸರಿ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿ ಬರೆಸಿದರು. ಕೆಲವು ದಿನ ಬಿಟ್ಟು ಬಿಡುವಿನ ಹೊತ್ತಿನಲ್ಲಿ ಮಾರ್ಕರ್ ಪೆನ್ನು ಇಟ್ಟು ನೋಡಿದರೆ, ಆ ಮಕ್ಕಳು ಮೊದಲಿಗಿಂತ ಕಡಿಮೆ ಹೊತ್ತು ಚಿತ್ರ ಬರೆದರು. ಏನೂ ಸಿಗದೆ ಬರೆದ ಮಕ್ಕಳ ಆಸೆ ಹಾಗೇ ಇತ್ತು. ಮೊದಲೇ ಹೇಳದೆ ಆಮೇಲೆ ಪತ್ರ ಕೊಟ್ಟ ಮಕ್ಕಳದ್ದೂ ಕಡಿಮೆಯಾಗಿರಲಿಲ್ಲ. ಅದನ್ನು ಓದಿದ ಮೇಲೆ ನಾನು "ಗೂಬೆ ಮುಗಿಸಿದರೆ ಚಾಕಲೇಟ್" ಅನ್ನೋದನ್ನು ಬಿಟ್ಟೆ. "ಸೂಪರ್, ಸೂಪರ್" ಅನ್ನೋದೂ ಕಡಿಮೆ ಮಾಡಿದೆ. ಅದರ ಬದಲು "ಈ ರೆಕ್ಕೆ ಯಾಕೆ ಹಸಿರು?" ಅಂತ ಕೇಳುತ್ತೇನೆ. ಆಗ ಉದ್ದದ ಕಥೆ ಬರುತ್ತೆ.

ಆಮೇಲೆ ಫೋಟೋ. ಮಾಡುತ್ತಿರುವಾಗ ಫೋನ್ ಎತ್ತಬೇಡಿ. ಕ್ಯಾಮರಾ ಬಂದ ತಕ್ಷಣ ಮಗು ಕೆಲಸ ಬಿಟ್ಟು ನಿಮ್ಮ ಕಡೆ ತಿರುಗಿ ನಗುತ್ತೆ. ನಾವೂ ಅಷ್ಟೇ, ಅದು ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತ ತಿದ್ದಲು ಶುರು ಮಾಡುತ್ತೇವೆ. ಈ ಬರಹದ ಜೊತೆ ಫೋಟೋ ಹಾಕದೇ ಇರೋದೂ ಅದಕ್ಕೇ.

ಕೆಲಸಕ್ಕೆ ಹೋಗಿ ಬಂದು ಸುಸ್ತಾಗಿರುತ್ತೆ, ಸಮಯ ಎಲ್ಲಿದೆ ಅಂತ ಕೇಳಬಹುದು. ನನಗೂ ಇಲ್ಲ. ವಾರಕ್ಕೆ ಒಂದು ದಿನ, ಒಂದು ಗಂಟೆ. ಕೆಲವು ವಾರ ಅದೂ ತಪ್ಪುತ್ತೆ. ಹಳೇ ಬೆಡ್‌ಶೀಟ್ ಹಾಸಿಕೊಂಡು ಕೂತರೆ ಕಸ ಗುಡಿಸುವ ಕೆಲಸವೂ ಅದರಲ್ಲೇ ಮುಗಿಯುತ್ತೆ, ನಾಲ್ಕು ಮೂಲೆ ಹಿಡಿದು ಎತ್ತಿದರೆ ಆಯಿತು. ಎರಡು ಮೂಲೆ ಅವಳು, ಎರಡು ಮೂಲೆ ನಾನು.

ನಾವು ಮಾಡಿದ ಬಟ್ಟಲುಗಳು ಈಗ ಕಪಾಟಿನ ಮೇಲೆ ಅಕ್ಕಪಕ್ಕ ಇವೆ. ನನ್ನದು ಸಮವಾಗಿದೆ, ಬಿಳಿ ಬಣ್ಣ. ಅವಳದ್ದು ಒಂದು ಕಡೆ ವಾಲಿದೆ, ಒಳಗೆ ನೇರಳೆ, ಹೊರಗೆ ಹಳದಿ, ತಳದಲ್ಲಿ ಅವಳ ಹೆಸರು ತಿರುವುಮುರುವಾಗಿ. ಮೊನ್ನೆ ಅಜ್ಜಿ ಕನ್ನಡಕ ಇಡಲು ನನ್ನ ಬಟ್ಟಲು ತಗೊಂಡರು. ಮಗಳು ಓಡಿಬಂದು ಅದನ್ನು ವಾಪಸ್ ಇಟ್ಟು, ತನ್ನದನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದಿಟ್ಟಳು. "ಇದರಲ್ಲಿಡಿ ಅಜ್ಜಿ. ಇದು ನಾನು ಮಾಡಿದ್ದು."