ಗುಂಡಿಯೂ ತೆರಿಗೆ ಕಟ್ಟುತ್ತದೆ

ಮೊದಲು ಬಂದದ್ದು ಸದ್ದು. ಸ್ಟೇರಿಂಗ್ ಪೂರ್ತಿ ಎಳೆದು ಯೂ-ಟರ್ನ್ ಹೊಡೆದಾಗ ಮಾತ್ರ, ಮುಂದಿನ ಎಡ ಚಕ್ರದಿಂದ ಕಟ್ ಕಟ್ ಕಟ್. ನೇರ ಹೋದರೆ ಸುಮ್ಮನಾಗುತ್ತಿತ್ತು. ಒಂದು ವಾರ ರೇಡಿಯೋ ಸೌಂಡ್ ಜಾಸ್ತಿ ಮಾಡಿಕೊಂಡು ಓಡಿಸಿದೆ. ಆಮೇಲೆ ಯೂ-ಟರ್ನ್ ಇಲ್ಲದ ದಾರಿ ಹುಡುಕಿದೆ. ಬೆಂಗಳೂರಿನಲ್ಲಿ ಹಾಗೆ ಹುಡುಕುತ್ತಾ ಹೋದರೆ ತುಮಕೂರು ಬಂದುಬಿಡುತ್ತದೆ. ಕೊನೆಗೆ ಗ್ಯಾರೇಜಿಗೇ ಹೋದೆ.

ಹುಡುಗ ಜಾಕಿ ಕೊಟ್ಟು ಚಕ್ರ ಬಿಚ್ಚಿದ. ರಿಮ್ಮಿನ ಒಳಗೋಡೆಗೆಲ್ಲ ಕಪ್ಪು ಗ್ರೀಸ್ ಚಿಮ್ಮಿತ್ತು, ಮದುವೆ ಮನೆ ಒಲೆಯ ಹಿಂದಿನ ಗೋಡೆ ಥರ.

“ಗುಂಡಿಗೆ ಬಿದ್ದೂ ಬಿದ್ದೂ ಬೂಟ್ ಹರ್ದೋಗಿದೆ ಸಾರ್.”

ಬೂಟ್ ಅಂದರೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿರುವ ಒಂದು ರಬ್ಬರ್ ಚೀಲ. ಅದರೊಳಗೆ ಗ್ರೀಸು, ಗ್ರೀಸಿನೊಳಗೆ ಆರು ಉಕ್ಕಿನ ಗೋಲಿ. ಚಕ್ರ ಉರುಳುತ್ತಲೂ ಇರಬೇಕು, ಅತ್ತಿತ್ತ ತಿರುಗಲೂ ಬೇಕು ಅಂದರೆ ಈ ಗೋಲಿಗಳೇ ಗತಿ. ಚೀಲ ಹರಿದರೆ ಗ್ರೀಸ್ ಆಚೆ, ಮಣ್ಣು ಒಳಗೆ. ಗೋಲಿ ಸವೆದು ಕಟ್ ಕಟ್ ಶುರು.

“ಮೊದ್ಲೇ ಬಂದಿದ್ರೆ ಬೂಟ್ ಹಾಕಿ ಕಳ್ಸ್ತಿದ್ದೆ, ಕೆಲವು ನೂರು ರೂಪಾಯಲ್ಲಿ ಮುಗೀತಿತ್ತು. ಈಗ ಆಕ್ಸಲ್ಲೇ ಹೋಯ್ತು.”

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು. ಆನೆ ಕೊಟ್ಟರೂ ಇವರು ತೆಗೆದುಕೊಳ್ಳುವುದಿಲ್ಲ. ಯುಪಿಐ ಮಾತ್ರ.

ಆಕ್ಸಲ್ ಅಂದರೆ ಚಕ್ರವನ್ನು ತಿರುಗಿಸುವ ಉಕ್ಕಿನ ದಂಡ. ಕೆಟ್ಟಿದ್ದು ಅದರ ತುದಿಯ ಒಂದು ಕೀಲು. ಅದನ್ನೊಂದೇ ಬದಲಾಯಿಸಿ ಅಂದೆ. ಬರಲ್ಲ ಸಾರ್, ಕಂಪನಿಯಿಂದ ಅಸೆಂಬ್ಲಿನೇ ಬರೋದು ಅಂದ. ಹಲ್ಲು ನೋವು ಅಂತ ಹೋದವನಿಗೆ ದವಡೆಯನ್ನೇ ಹಾಕಿ ಕಳಿಸುವ ಪದ್ಧತಿ ಇದು. ಎಸ್ಟಿಮೇಟ್ ಬಂತು. ಆಕ್ಸಲ್ 14,200. ಲೋವರ್ ಆರ್ಮ್ 3,100. ಬೇರಿಂಗ್ 1,900. ಲೇಬರ್ 2,800. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 900. ಕನ್ಸ್ಯೂಮಬಲ್ಸ್ 350. ಈ ಕನ್ಸ್ಯೂಮಬಲ್ಸ್ ಏನು ಅಂತ ಕೇಳಿದೆ. ಕೈ ಒರೆಸೋ ಬಟ್ಟೆ, ಗ್ರೀಸು, ಹೀಗೆ ಸಾರ್ ಅಂದ. ಆ ಬಟ್ಟೆಯನ್ನು ನೋಡಿದೆ. ನಾನು ಕಾಲೇಜಿಗೆ ಹೋಗುವಾಗಿನಿಂದ ಅಲ್ಲೇ ಇದ್ದ ಹಾಗಿತ್ತು.

ಕೆಳಗೆ ಜಿಎಸ್‌ಟಿ 18 ಪರ್ಸೆಂಟ್, 4,185 ರೂಪಾಯಿ. ಒಟ್ಟು 27,435.

ಎಲ್ಲ ಸಾಲನ್ನೂ ಬಿಟ್ಟು ನನ್ನ ಕಣ್ಣು ಈ ಜಿಎಸ್‌ಟಿ ಮೇಲೇ ನಿಂತಿತು. ಕಾರು ಕೊಂಡಾಗ ಲೈಫ್ ಟ್ಯಾಕ್ಸ್ ಕಟ್ಟಿದ್ದೇನೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ನೂರಕ್ಕೆ 14. ಹತ್ತು ದಾಟಿದರೆ 17, ಇಪ್ಪತ್ತು ದಾಟಿದರೆ 18. ನನ್ನ 9 ಲಕ್ಷದ ಕಾರಿಗೆ 1,26,000, ಮೇಲೆ ಸೆಸ್ ಬೇರೆ. ಲೈಫ್ ಅಂದರೆ ಕಾರಿನ ಲೈಫ್ ಅಂದುಕೊಂಡಿದ್ದೆ. ರಸ್ತೆಯ ಲೈಫ್ ಅಂತೂ ಅಲ್ಲ, ಅದು ಒಂದು ಮಳೆಗೆ ಮುಗಿಯುತ್ತದೆ.

ಅಂದರೆ ರಸ್ತೆಗೆ ಅಂತ ತೆರಿಗೆ ಕೊಟ್ಟೆ. ಆ ರಸ್ತೆಯ ಗುಂಡಿಗೆ ಬಿದ್ದೆ. ಬಿದ್ದಿದ್ದಕ್ಕೆ ಮತ್ತೆ ತೆರಿಗೆ ಕೊಟ್ಟೆ. ಈ 4,185ರಲ್ಲಿ ಅರ್ಧ ದೆಹಲಿಗೆ, ಅರ್ಧ ರಾಜ್ಯಕ್ಕೆ. ಗುಂಡಿ ಮಾತ್ರ ಪೂರ್ತಿ ನಮ್ಮದೇ. ಒಳ್ಳೆ ರಸ್ತೆ ಮಾಡಿದರೆ ಖಜಾನೆಗೆ ಖರ್ಚು, ಗುಂಡಿ ಬಿಟ್ಟರೆ ವರಮಾನ. ಇಷ್ಟು ಲೆಕ್ಕ ಗೊತ್ತಿರುವವರು ಯಾರಾದರೂ ಗುಂಡಿ ಮುಚ್ತಾರಾ? ಸರ್ಕಾರಕ್ಕೆ ಕರುಣೆ ಇಲ್ಲ ಅನ್ನಬಾರದು. 2025ರ ಸೆಪ್ಟೆಂಬರಿಗೆ ಮುಂಚೆ ಬಿಡಿಭಾಗಗಳಲ್ಲಿ ಹಲವಕ್ಕೆ 28 ಪರ್ಸೆಂಟ್ ಇತ್ತು. ಈಗ ಎಲ್ಲಕ್ಕೂ 18. ಗುಂಡಿಗೆ ಬೀಳುವುದಿದ್ದರೆ ಇದೇ ಒಳ್ಳೆ ಸಮಯ.

ಇನ್ಶೂರೆನ್ಸ್ ಕೇಳಿದೆ. ಇದು ಸವೆತ, ಅಪಘಾತ ಅಲ್ಲ ಅಂದರು. ಜೋರಾಗಿ ಬಿದ್ದು ಚಕ್ರವೇ ಕಿತ್ತು ಹೋಗಿದ್ದರೆ ನೋಡಬಹುದಿತ್ತಂತೆ. ಹುಷಾರಾಗಿ ಓಡಿಸಿದ್ದು ನನ್ನದೇ ತಪ್ಪು.

ಎಲ್ಲ ಪಾಪವನ್ನೂ ಗುಂಡಿಯ ತಲೆಗೇ ಕಟ್ಟಬಾರದು. ಹಂಪ್‌ಗಳ ಪಾಲೂ ಇದೆ. ರಸ್ತೆಗಳ ಮಾನದಂಡ ಬರೆಯುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಲ್ಲಿ ಹಂಪ್ ಕಾರು ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ನಯವಾಗಿ ಏರಿ ನಯವಾಗಿ ಇಳಿಯಬೇಕು. ನಮ್ಮ ಬೀದಿಯದು ಯಾರದೋ ಮನೆ ಮೋಲ್ಡಿಂಗಿನಲ್ಲಿ ಉಳಿದ ಕಾಂಕ್ರೀಟಿನಿಂದ ಆದದ್ದು. ಎತ್ತರಕ್ಕೆ ಮೋಸ ಮಾಡಿಲ್ಲ, ಅಗಲ ಮರೆತಿದ್ದಾರೆ. ದಾಟುವಾಗ ಕಾರಿನ ಹೊಟ್ಟೆ ಉಜ್ಜುವ ಸದ್ದಿಗೆ ಎದುರುಮನೆ ಅಜ್ಜಿ “ಬಂದ್ರೇನಪ್ಪಾ?” ಅಂತ ಒಳಗಿನಿಂದಲೇ ಕೇಳುತ್ತಾರೆ. ನಮ್ಮ ಬೀದಿಯಲ್ಲಿ ಕಾಲಿಂಗ್ ಬೆಲ್ ಬೇಕಿಲ್ಲ.

ಕಾರು ಗ್ಯಾರೇಜಿನಲ್ಲಿದ್ದ ಮೂರು ದಿನದಲ್ಲಿ ನಾನೂ ನಾಗರಿಕನಾದೆ. ಗುಂಡಿಯ ಫೋಟೋ ತೆಗೆದು ದೂರು ಕೊಟ್ಟೆ. 2015ರಲ್ಲಿ ಇದೇ ಊರಿನಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಒಂದು ಗುಂಡಿಯಲ್ಲಿ ಮೊಸಳೆಯನ್ನೇ ಮಲಗಿಸಿದ್ದರು. ಮೊಸಳೆ ಬಂದ ಮೇಲೆ ಅಧಿಕಾರಿಗಳೂ ಬಂದರು, ಗುಂಡಿ ಮುಚ್ಚಿತು. ನನ್ನ ಹತ್ತಿರ ಇದ್ದದ್ದು ಹಳೇ ಆಕ್ಸಲ್. ಅದನ್ನು ಗುಂಡಿಯಲ್ಲಿ ನಿಲ್ಲಿಸೋಣ ಅಂದರೆ ಸಂಜೆಯೊಳಗೆ ಗುಜರಿಯವನು ಎತ್ತಿಕೊಂಡು ಹೋಗುತ್ತಾನೆ ಅಂತ ಹೆಂಡತಿ ಹೇಳಿದಳು. ಸರಿ ಅನ್ನಿಸಿತು.

ಎರಡನೇ ದಿನವೇ ಮೆಸೇಜ್ ಬಂತು: ದೂರು ಪರಿಹರಿಸಲಾಗಿದೆ. ಜೊತೆಗೆ ಫೋಟೋ. ರಸ್ತೆ ಸಮತಟ್ಟಾಗಿ, ಕನ್ನಡಿ ಥರ ಹೊಳೆಯುತ್ತಿತ್ತು. ನನಗೇ ನಾಚಿಕೆಯಾಯಿತು, ಸುಮ್ನೆ ಬೈದೆನಲ್ಲ ಅಂತ. ಫೋಟೋ ದೊಡ್ಡದು ಮಾಡಿ ನೋಡಿದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಗುಂಡಿಯಲ್ಲಿ ತೆಂಗಿನಮರದ ನೆರಳು ತಲೆಕೆಳಗಾಗಿ ಕಾಣುತ್ತಿತ್ತು.

ಕಾರು ತರಲು ಹೋದಾಗ ಹುಡುಗ ಕೀ ಕೊಟ್ಟು, ಬಲಗಡೆ ಚಕ್ರವನ್ನು ಕಾಲಿನಿಂದ ತಟ್ಟಿದ. “ಈ ಕಡೆದು ಇನ್ನೊಂದು ಮಳೆಗಾಲ ಬರುತ್ತೆ ಸಾರ್.”

ಮನೆ ತಿರುವಿನಲ್ಲಿ ಅದೇ ಗುಂಡಿ ಕಾಯುತ್ತಿತ್ತು. ಎದುರಿಗೆ ಟ್ಯಾಂಕರ್, ಪಕ್ಕದಲ್ಲಿ ಆಟೋ, ತಪ್ಪಿಸಲು ಜಾಗವಿಲ್ಲ. ಒಂದು ಚಕ್ರ ಇಳಿಯಲೇಬೇಕು. ಎಡಗಡೆ ಆಕ್ಸಲ್ ಹೊಸದು, ವಾರಂಟಿ ಕಾರ್ಡು ಇನ್ನೂ ಜೇಬಿನಲ್ಲೇ ಇದೆ. ಸ್ಟೇರಿಂಗ್ ಸ್ವಲ್ಪ ತಿರುಗಿಸಿ, ಬಲಗಡೆಯದನ್ನು ಇಳಿಸಿದೆ.